ಮನೆಯ ಪಿಯಾನೊ

“ಗುರುಗಳೇ, ನನಗೆ ಬೇಕಾದದ್ದೆಲ್ಲ ನಿಮ್ಮ ಬಳಿಯೇ ದೊರೆಯುತ್ತಿದೆ. ಆದರೂ ಒಂದು ವರ್ಷ ಬೇರೆಯವರ ಬಳಿ ಹೋಗಿ ಕಲಿತು ಬಾ ಎನ್ನುತ್ತೀರಿ. ಏಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಕೂರಿಸಿ ಹೇಳತೊಡಗಿದರು.

ಕಡಲ ತೀರದ ಒಂದು ಪಟ್ಟಣದಲ್ಲಿ ಒಬ್ಬ ತಾಯಿ ಇದ್ದಳು. ಅವಳು ಮಗಳನ್ನು ಶಾಲೆಗೆ ಕಳುಹಿಸಲಿಲ್ಲ. ಓದು, ಲೆಕ್ಕ, ಹೊಲಿಗೆ ಎಲ್ಲವನ್ನೂ ಮನೆಯಲ್ಲಿ ತಾನೇ ಕಲಿಸಿದಳು. ಮನೆಯಲ್ಲಿ ಒಂದು ಹಳೆಯ ಪಿಯಾನೊ ಇತ್ತು. ತಾಯಿ ಚಿಕ್ಕವಳಿದ್ದಾಗ ತನ್ನ ತಾಯಿಯಿಂದ ಪಾಠ ಹೇಳಿಸಿಕೊಂಡದ್ದು ಅದರಲ್ಲೇ. ಈಗ ಅದರಲ್ಲೇ ಮಗಳಿಗೆ ಪಾಠ. ಅವಳು ಎಂದೂ ಗದರಲಿಲ್ಲ, ಅವಸರಪಡಿಸಲಿಲ್ಲ. ಹುಡುಗಿಯ ಕಿವಿ ಬಹಳ ಚುರುಕು. ಒಮ್ಮೆ ಕೇಳಿದ ಸ್ವರವನ್ನು ಮರೆಯುತ್ತಿರಲಿಲ್ಲ. ಮನೆಯಲ್ಲಿ ಕಲಿಸಿದ್ದಕ್ಕೇ ಇಷ್ಟು ಬಂತು ಎಂದು ತಾಯಿಗೆ ಒಳಗೊಳಗೇ ಹೆಮ್ಮೆ.

ಆ ಊರಿಗೆ ಒಬ್ಬ ಹಿರಿಯ ಸಂಗೀತಗಾರ ಬಂದು ನೆಲೆಸಿದ. ಅವನು ಒಬ್ಬ ಶಿಷ್ಯೆಯನ್ನು ಹುಡುಕುತ್ತಿದ್ದಾನೆಂದು ಕೇಳಿ ತಾಯಿ ಮಗಳನ್ನು ಅವನ ಮನೆಗೆ ಕರೆದೊಯ್ದಳು. ಹುಡುಗಿ ಅವನ ಪಿಯಾನೊದ ಮುಂದೆ ಕುಳಿತು ನಾಲ್ಕು ಸ್ವರ ನುಡಿಸಿ ಕೈ ಹಿಂದೆಗೆದುಕೊಂಡಳು.

“ನಿಮ್ಮ ಪಿಯಾನೊ ಕೆಟ್ಟಿದೆ, ಅಜ್ಜ” ಎಂದಳು.

ತಾಯಿ ನಾಚಿದಳು. ಆದರೆ ಮಗಳನ್ನು ತಿದ್ದಲಿಲ್ಲ. ಅವಳಿಗೂ ಹಾಗೆಯೇ ಕೇಳಿಸಿತ್ತು.

ಮುದುಕ ಸಿಟ್ಟಾಗಲಿಲ್ಲ. ಶ್ರುತಿ ನೋಡುವ ಉಕ್ಕಿನ ಕವಲುಕಡ್ಡಿಯನ್ನು ತೆಗೆದು ಮಂಡಿಗೆ ತಟ್ಟಿದ. ಅದರ ನಾದವೂ ಅವನ ಪಿಯಾನೊದ ನಾದವೂ ಒಂದೇ ಆಗಿದ್ದವು. ಮರುದಿನ ಅದನ್ನು ಹಿಡಿದು ಅವರ ಮನೆಗೆ ಬಂದ. ಅಲ್ಲಿ ಕಡ್ಡಿಯ ನಾದವೂ ಪಿಯಾನೊದ ನಾದವೂ ಕೂಡಲಿಲ್ಲ. ಕಡಲ ಗಾಳಿಗೆ ತಂತಿಗಳು ವರ್ಷವರ್ಷವೂ ಅಷ್ಟಷ್ಟೇ ಸಡಿಲಗೊಂಡಿದ್ದವು. ಕೆಲವು ಹೆಚ್ಚು, ಕೆಲವು ಕಡಿಮೆ. ಅವನು ಒಂದೊಂದನ್ನೇ ಬಿಗಿದು ಸರಿಮಾಡಿ, ಹುಡುಗಿಯನ್ನು ಕರೆದ.

ಹುಡುಗಿ ನುಡಿಸಿ ನೋಡಿದಳು. ಮುಚ್ಚಳ ಹಾಕಿ ಅಳತೊಡಗಿದಳು. “ಅಮ್ಮಾ, ಇದು ನಮ್ಮದಲ್ಲ. ಮೊದಲಿನ ಹಾಗೆಯೇ ಮಾಡಿಸಿಕೊಡು.”

“ಸಡಿಲಿಸುವುದು ಕಷ್ಟವಲ್ಲ. ಬೇಕಾದರೆ ಈಗಲೇ ಮಾಡಿಕೊಡುತ್ತೇನೆ, ತಾಯಿ” ಎಂದ ಮುದುಕ.

ತಾಯಿ ತಾನೇ ಹೋಗಿ ಕುಳಿತು, ತನ್ನ ತಾಯಿ ಕಲಿಸಿದ ಮೊದಲ ಪಾಠವನ್ನು ನುಡಿಸಿದಳು. ಅದು ಯಾರದೋ ಮನೆಯ ಪಾಠದಂತೆ ಕೇಳಿಸಿತು. ಎರಡನೆಯ ಬಾರಿ ನುಡಿಸಿದಳು. ಆಗಲೂ ಹಾಗೆಯೇ.

“ಬೇಡ, ಹೀಗೆಯೇ ಇರಲಿ. ಇವಳನ್ನು ನೀವೇ ಕರೆದುಕೊಂಡು ಕಲಿಸಿ. ನನ್ನ ಕಿವಿಗೂ ಸರಿಯಾದದ್ದು ತಪ್ಪಾಗಿ ಕೇಳಿಸುತ್ತಿದೆ” ಎಂದಳು.

ಹುಡುಗಿ ಮುದುಕನ ಮನೆಗೆ ಹೋಗಿ ಬರತೊಡಗಿದಳು. ಆ ಮಳೆಗಾಲವೆಲ್ಲ ತಾಯಿಯೊಡನೆ ಅವಳು ಸರಿಯಾಗಿ ಮಾತನಾಡಲಿಲ್ಲ. ತಾಯಿ ಅದನ್ನು ಸಹಿಸಿಕೊಂಡಳು. ಬರಬರುತ್ತಾ ಹುಡುಗಿಯ ಕಿವಿ ಸರಿಯಾದ ಶ್ರುತಿಗೆ ತಿರುಗಿತು. ಮುಂದೆ ಅವಳು ಊರೂರುಗಳಲ್ಲಿ, ಹತ್ತು ಜನ ವಾದ್ಯಗಾರರ ನಡುವೆ ಕುಳಿತು ನುಡಿಸಿ ಹೆಸರಾದಳು. ತಾಯಿ ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದಳು. ಎಲ್ಲರೂ ತಲೆದೂಗುವ ಆ ಸಂಗೀತ ಅವಳಿಗೆ ಮಾತ್ರ ಕೊನೆಯವರೆಗೂ ಸ್ವಲ್ಪ ತಪ್ಪಾಗಿಯೇ ಕೇಳಿಸಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕೇಳಿದ: “ಅಷ್ಟು ಅಕ್ಕರೆಯಿಂದ ಕಲಿಸಿದ ತಾಯಿಗೆ ಇದು ಮೊದಲೇ ಏಕೆ ತಿಳಿಯಲಿಲ್ಲ, ಗುರುಗಳೇ?”

“ಆ ತಾಯಿಯಂತೆ ನಾನೂ ಒಬ್ಬರೇ ಗುರುಗಳ ಬಳಿ ಕಲಿತವನಪ್ಪಾ” ಎಂದರು ಗುರುಗಳು.