ಕರಡು ತಿದ್ದುವವನೂ ಕಡಿದ ತಂತಿಯೂ

"ಗುರುಗಳೇ, ಇಬ್ಬರ ನಡುವೆ ಮಾತು ನಿಂತುಹೋಗಿದೆ. ತಪ್ಪು ಯಾರದೆಂದು ತೀರ್ಮಾನವಾಗದೆ ಮತ್ತೆ ಮಾತಾಡಿದರೆ ಅದು ಸತ್ಯಕ್ಕೆ ಬಗೆದ ದ್ರೋಹವಲ್ಲವೆ?" ಎಂದು ಶಿಷ್ಯ ಕೇಳಿದ.

ಆ ಇಬ್ಬರು ಯಾರೆಂದು ಗುರುಗಳು ಕೇಳಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕರಡು ತಿದ್ದುವವನಿದ್ದ. ಅಚ್ಚಿಗೆ ಹೋಗುವ ಮುನ್ನ ಪುಟಗಳನ್ನು ಓದಿ ತಪ್ಪು ಹೆಕ್ಕುವುದು ಅವನ ಕೆಲಸ. ತಪ್ಪು ಕಂಡಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕುವನು. ಅದು ಬರೆದವರ ತಪ್ಪೋ, ಅಕ್ಷರ ಜೋಡಿಸಿದವರ ತಪ್ಪೋ ಎಂದು ಅಂಚಿನಲ್ಲಿ ನಮೂದಿಸುವನು. ತಪ್ಪಿನ ಒಡೆಯ ಸಿಗುವ ತನಕ ಪುಟ ಅವನ ಮೇಜು ಬಿಟ್ಟು ಏಳುತ್ತಿರಲಿಲ್ಲ. ಅವನ ಕಣ್ಣು ತಪ್ಪಿಸಿದ ಅಕ್ಷರವೇ ಇಲ್ಲ ಎಂದು ಮುದ್ರಕರು ಹೇಳುತ್ತಿದ್ದರು. ಆ ಮಾತು ಸುಳ್ಳಲ್ಲ.

ಅವನಿಗೆ ಒಬ್ಬಳು ಅಕ್ಕ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ, ಕೈ ಹಿಡಿದು ಅಕ್ಷರ ತಿದ್ದಿಸಿದವಳು. ಅವಳ ಮಗಳಿಗೆ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯ ಒಕ್ಕಣೆಯನ್ನು ಅಕ್ಕ ತಾನೇ ಬರೆದು ಅಚ್ಚು ಹಾಕಿಸಿ ತಮ್ಮನಿಗೆ ಕಳಿಸಿದಳು. 'ಆಶೀರ್ವದಿಸಬೇಕು' ಎಂಬಲ್ಲಿ ಅರ್ಕಾವತ್ತು ಒಂದು ಅಕ್ಷರ ಹಿಂದಕ್ಕೆ ಜಾರಿ 'ಆರ್ಶೀವದಿಸಬೇಕು' ಎಂದಾಗಿತ್ತು. ಅವನು ಕೆಂಪು ಶಾಯಿಯಲ್ಲಿ ಸುತ್ತುಹಾಕಿ, ಅಂಚಿನಲ್ಲಿ 'ಬರೆದವರ ತಪ್ಪು' ಎಂದು ಬರೆದು, ಪತ್ರಿಕೆಯನ್ನು ಅಂಚೆಯಲ್ಲಿ ಹಿಂದಕ್ಕೆ ಕಳಿಸಿದ.

ಅಕ್ಕನಿಂದ ಒಂದು ಸಾಲು ಬಂತು. "ಹರಸು ಅಂತ ಕಳಿಸಿದರೆ ತಿದ್ದಿ ಕಳಿಸಿದೆಯಲ್ಲೋ."

ಅಲ್ಲಿಗೆ ಮಾತು ನಿಂತಿತು. ಮದುವೆಗೆ ಅವನು ಹೋಗಲಿಲ್ಲ. ಒಂಬತ್ತು ವರ್ಷ ಕಳೆಯಿತು. ಯಾರಾದರೂ ಅಕ್ಕನ ಸುದ್ದಿ ಎತ್ತಿದರೆ, "ಆ ಅಕ್ಷರ ತಪ್ಪಿತ್ತೋ ಇಲ್ಲವೋ, ನೀವೇ ಹೇಳಿ" ಎನ್ನುತ್ತಿದ್ದ. ತಪ್ಪಿತ್ತು ಎಂದೇ ಎಲ್ಲರೂ ಹೇಳುತ್ತಿದ್ದರು.

ಹೀಗಿರುವಾಗ ಅಕ್ಕನ ಗಂಟಲಿಗೆ ಕೆಟ್ಟ ಹುಣ್ಣು ಹತ್ತಿತು. ಕೊಯ್ಯಲೇಬೇಕು, ಕೊಯ್ದ ಮೇಲೆ ದನಿ ಉಳಿಯುವುದಿಲ್ಲ ಎಂದರು ವೈದ್ಯರು. ಆಗ ಅವಳ ಮಗಳು ಅವನಿಗೆ ಇಮೇಲ್ ಬರೆದಳು. "ಮಾಮ, ನಾಳೆ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರ್ ಮುಂದೆ ಕೂತಿರಿ. ಹನ್ನೊಂದಕ್ಕೆ ಅಮ್ಮನ್ನ ಒಳಗೆ ಕರ್ಕೊಂಡು ಹೋಗ್ತಾರೆ. ಅದಕ್ಕೆ ಮುಂಚೆ ನಿಮ್ಮ ಮುಖ ನೋಡಿ ಏನೋ ಒಂದು ಮಾತು ಹೇಳಬೇಕಂತೆ." ಕೆಳಗೆ ತನ್ನ ಫೋನ್ ನಂಬರು ಕೊಟ್ಟಿದ್ದಳು. ಅವನು ಅದನ್ನು ದಿನಚರಿಯಲ್ಲಿ ಬರೆದುಕೊಂಡು ಎರಡು ಸಲ ತಾಳೆ ನೋಡಿದ.

ಮರುದಿನ ಒಗೆದ ಅಂಗಿ ತೊಟ್ಟು ಒಂಬತ್ತೂವರೆಗೇ ಕೂತ. ಹತ್ತಕ್ಕೆ ಇನ್ನೂ ಹತ್ತು ನಿಮಿಷವಿದೆ ಎನ್ನುವಾಗ ಇಂಟರ್ನೆಟ್ ಹೋಯಿತು. ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಆರಿ ಕೆಂಪು ದೀಪ ಹತ್ತಿತು.

ಅವನು ಗಾಬರಿಪಡಲಿಲ್ಲ. ಒಂದು ಹಾಳೆ ತೆಗೆದುಕೊಂಡ. ಪೆಟ್ಟಿಗೆಯನ್ನು ಆರಿಸಿ, ಮೂವತ್ತರವರೆಗೆ ಎಣಿಸಿ, ಮತ್ತೆ ಹಾಕಿದ. ಕೆಂಪು. ತಂತಿಗಳನ್ನು ಒಂದೊಂದಾಗಿ ಕಿತ್ತು, ಊದಿ, ಬಿಗಿಯಾಗಿ ಸಿಕ್ಕಿಸಿದ. ಕೆಂಪು. ಕಂಪ್ಯೂಟರನ್ನು ಮುಚ್ಚಿ ಮತ್ತೆ ತೆರೆದ. ಅದು ತೆರೆದುಕೊಳ್ಳಲು ತನ್ನ ಹೊತ್ತು ತೆಗೆದುಕೊಂಡಿತು. ಆಗಲೂ ಕೆಂಪು. ಪ್ರತಿಯೊಂದೂ ಮುಗಿದಂತೆ ಹಾಳೆಯಲ್ಲಿ ಬರೆದ: ಪೆಟ್ಟಿಗೆಯ ತಪ್ಪಲ್ಲ. ತಂತಿಯ ತಪ್ಪಲ್ಲ. ಕಂಪ್ಯೂಟರಿನ ತಪ್ಪಲ್ಲ. ಹತ್ತು ಹೊಡೆದು ಹದಿನೈದು ನಿಮಿಷವಾಗಿತ್ತು.

ಅವನು ಕೈಯಲ್ಲಿ ಫೋನ್ ಇಟ್ಟುಕೊಂಡವನಲ್ಲ. ಅದರಲ್ಲಿ ಜನ ಬರೆಯುವ ಕನ್ನಡ ನೋಡಲಾಗದು ಎಂಬುದು ಅದಕ್ಕೆ ಕಾರಣ. ಹಾಳೆ, ದಿನಚರಿ ಹಿಡಿದು ಪಕ್ಕದ ಮನೆಯ ದರ್ಜಿಯ ಹತ್ತಿರ ಹೋದ.

"ಓಹೋ, ರಾಯರು! ನಮ್ಮ ಬೋರ್ಡಿನ ತಪ್ಪು ತೋರಿಸಿ ಹೋದವರು ಇವತ್ತೇ ಈ ಕಡೆ ಬರ್ತಿರೋದು. ಈಗೇನು, ಒಳಗಿನ ಕ್ಯಾಲೆಂಡರು ನೋಡಬೇಕಾ?"

"ನಿನ್ನ ಫೋನ್ ಬೇಕಿತ್ತು. ನೆಟ್ ಕಂಪನಿಗೆ ದೂರು ಕೊಡಬೇಕು. ಹತ್ತಕ್ಕೆ ಅಕ್ಕ ಮಾತಾಡೋದಿತ್ತು, ಆಸ್ಪತ್ರೆಯಿಂದ."

ದರ್ಜಿ ಹೊಲಿಗೆ ನಿಲ್ಲಿಸಿದ. "ಅಕ್ಕನ ಹತ್ರ ಮಾತಾಡೋಕೆ ಕಂಪನಿಯವರು ಯಾಕೆ ರಾಯರೇ? ನಂಬರ್ ಇದ್ದರೆ ಇದರಲ್ಲೇ ಮಾಡಿ. ಮುಖಾನೂ ಕಾಣತ್ತೆ."

"ಆಗಲೇ ತಡವಾಗಿದೆ. ಯಾಕೆ ಅಂತ ಕೇಳ್ತಾಳೆ. ಒಂಬತ್ತು ವರ್ಷದಿಂದ ತಪ್ಪೆಲ್ಲ ನಂದೇ ಅಂದ್ಕೊಂಡು ಕೂತಿದ್ದಾಳೆ. ಇದು ನಂದಲ್ಲ ಅನ್ನೋದು ಮೊದಲು ಗೊತ್ತಾಗಲಿ."

"ಹರಿದ ಬಟ್ಟೆ ತಂದವರನ್ನ, ಹರಿದಿದ್ದು ಯಾರು ಅಂತ ನಾನಂತೂ ಕೇಳಲ್ಲಪ್ಪ" ಎಂದು ದರ್ಜಿ ಫೋನ್ ಕೊಟ್ಟ.

ಕನ್ನಡಕ್ಕಾಗಿ ಒಂದನ್ನು ಒತ್ತಿರಿ ಎಂದಿತು ಫೋನು. ಒತ್ತಿದ. ನಿಮ್ಮ ಕರೆ ನಮಗೆ ಅಮೂಲ್ಯ ಎಂದಿತು. ಕಾದ. ಹಾಡು ಬಂತು, ಮತ್ತೆ ಅಮೂಲ್ಯ ಎಂದಿತು. ಹೀಗೇ ಅರ್ಧ ಗಂಟೆ ಹೋಯಿತು. ಕೊನೆಗೆ ಒಬ್ಬ ನೌಕರ ಬಂದು, ಪೆಟ್ಟಿಗೆ ಆರಿಸಿ ಹಾಕಿದಿರಾ, ತಂತಿ ನೋಡಿದಿರಾ ಎಂದು ಮೊದಲಿನಿಂದ ಕೇಳಿದ. ಅವನು ಹಾಳೆ ನೋಡಿಕೊಂಡು ಒಂದನ್ನೂ ಬಿಡದೆ ಓದಿ ಹೇಳಿದ. ನೌಕರ ಸ್ವಲ್ಪ ಹೊತ್ತು ಹುಡುಕಿ ಹೇಳಿದ. "ನಿಮ್ಮ ಬೀದೀಲಿ ರಸ್ತೆ ಅಗೆಯುವಾಗ ನಮ್ಮ ಕೇಬಲ್ ತುಂಡಾಗಿದೆ ಸರ್. ನಿಮ್ಮ ಕಡೆ ಏನೂ ತಪ್ಪಿಲ್ಲ."

"ಇನ್ನೊಂದು ಸಲ ಹೇಳಿ" ಎಂದ ಅವನು.

"ನಿಮ್ಮ ತಪ್ಪಲ್ಲ ಸರ್."

ಬಹಳ ವರ್ಷಗಳ ಮೇಲೆ ಯಾರೋ ಅವನಿಗೆ ಆ ಮಾತು ಹೇಳಿದ್ದರು. ಅವನ ಎದೆ ಹಗುರಾಯಿತು. ದೂರಿನ ಸಂಖ್ಯೆ ಬರೆದುಕೊಂಡ, ನೌಕರನಿಂದ ಅಂಕಿ ಅಂಕಿಯಾಗಿ ಹೇಳಿಸಿ ತಾಳೆ ನೋಡಿದ. ಆಮೇಲೆ ಅಕ್ಕನ ಮಗಳಿಗೆ ಫೋನ್ ಮಾಡಿದ.

"ತಪ್ಪು ನನ್ನದಲ್ಲ ಕಣಮ್ಮ" ಎಂಬುದೇ ಅವನ ಮೊದಲ ಮಾತು. "ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿದೆ. ಕಂಪನಿಯವರೇ ಒಪ್ಪಿಕೊಂಡಿದ್ದಾರೆ. ದೂರಿನ ನಂಬರೂ ಇದೆ, ಬರೆದುಕೋ."

"ಬೇಡ ಮಾಮ. ನೀವು ಹೇಳಿದ ಮೇಲೆ ಅದು ಸರಿಯಾಗೇ ಇರುತ್ತೆ. ಅಮ್ಮ ಈಗ ತಾನೆ ಒಳಗೆ ಹೋದ್ರು. ಬಾಗಿಲ ತನಕ ಫೋನನ್ನ ಅವರೇ ಹಿಡ್ಕೊಂಡಿದ್ರು."

ಅಕ್ಕ ಬದುಕಿದಳು. ದನಿ ಉಳಿಯಲಿಲ್ಲ. ಅವನು ಬಸ್ಸು ಹತ್ತಿ ಹೋಗಿ ಅವಳ ಹಾಸಿಗೆಯ ಪಕ್ಕ ಕೂತ. ಅವತ್ತು ಏನು ಹೇಳಬೇಕೆಂದಿದ್ದೆ ಅಕ್ಕ ಎಂದು ಕೇಳಿದ. ಕಾಗದವನ್ನೂ ಪೆನ್ಸಿಲನ್ನೂ ಮುಂದಿಟ್ಟ. ಅಕ್ಕ ಪೆನ್ಸಿಲು ಕೈಗೆತ್ತಿಕೊಂಡಳು. ಅವನ ಮುಖ ನೋಡಿದಳು. ಪೆನ್ಸಿಲನ್ನು ಕೆಳಗಿಟ್ಟು ಅವನ ತಲೆ ಸವರಿದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಆದರೂ ಗುರುಗಳೇ, ತಪ್ಪು ಅವನದಾಗಿರಲಿಲ್ಲವಲ್ಲ?" ಎಂದ.

"ಇರಲಿಲ್ಲ, ಅವನಿಗೆ ಉಳಿದದ್ದು ಅದೊಂದೇ" ಎಂದರು ಗುರುಗಳು.