ಬಿಚ್ಚದ ನೊಗ

"ಗುರುಗಳೇ, ಸಂಜೆ ಮನೆಗೆ ಹೋದವರಿಗೆ ಫೋನಿನಲ್ಲಿ ಒಂದು ಮಾತು ಹೇಳಿದರೆ ತಪ್ಪೇ?" ಎಂದು ಸರ್ವಮಂಗಳಾ ಕೇಳಿದಳು.

ಅವಳದು ಪಾರ್ಸೆಲ್ ಸಾಗಿಸುವ ಕಚೇರಿ. ಬಾಗಿಲು ಮುಚ್ಚಿದ ಮೇಲೆ ಫೋನಿಗೆ ಉತ್ತರಿಸುವುದಿಲ್ಲ, ಹಾಗೆಂದು ನಿಯಮ ಮಾಡಿ ಎಂದು ಕೆಲಸಗಾರರು ಪಟ್ಟು ಹಿಡಿದಿದ್ದರು. ಇಲ್ಲವಾದರೆ ಕೆಲಸ ಬಿಡುವುದಾಗಿ ಮೊದಲು ಹೇಳಿದವಳು ಅವಳ ಬಲಗೈಯಂತಿದ್ದ ಗೌರವ್ವ. ಮರುದಿನವೇ ಉತ್ತರ ಕೊಡಬೇಕಿತ್ತು.

"ನಾನೇನು ಹೊತ್ತಲ್ಲದ ಹೊತ್ತಲ್ಲಿ ಮೂಟೆ ಹೊರಿಸುತ್ತೇನೆಯೇ? ಒಂದೇ ಒಂದು ಮಾತು. ಎಷ್ಟೋ ದಿನ ಅದೂ ಇಲ್ಲ. ಆದರೂ ಬೆಳಿಗ್ಗೆ ಒಬ್ಬೊಬ್ಬರ ಮುಖ ಹಿಂಡಿದ ನಿಂಬೆಹಣ್ಣು. ಮೊನ್ನೆ ಗೌರವ್ವ ಫೋನ್ ಆಫ್ ಮಾಡಿ ಮಲಗಿದ್ದಳು. 'ತುಡುಗು ದನ' ಅಂದೆ, ತಮಾಷೆಗೇ. ಅದಕ್ಕೂ ಸಿಟ್ಟು."

ಗುರುಗಳು ಕತೆ ಹೇಳಿದರು.

ಒಬ್ಬ ಗಾಣಿಗನಿದ್ದ. ಅವನಿಗೆ ಇದ್ದದ್ದು ಒಂದೇ ಎತ್ತು. ಗಾಣ ತಿರುಗಿದರೆ ಊಟ, ನಿಂತರೆ ಉಪವಾಸ. ಹೊತ್ತು ಮುಳುಗುತ್ತಲೇ ನೊಗ ಬಿಚ್ಚಿ, ಬೆನ್ನು ತಟ್ಟಿ, ಎತ್ತನ್ನು ಕೊಟ್ಟಿಗೆಗೆ ಕಟ್ಟುವುದು ಅವನ ಅಪ್ಪನ ಕಾಲದ ರೂಢಿ. ಒಂದು ಸಂಜೆ, ನೊಗ ಬಿಚ್ಚಿದ ಮೇಲೆ ಎಳ್ಳು, ಎಣ್ಣೆಗೊಂದು ಪಾತ್ರೆ ಹೊತ್ತು ಬಂದ ಗಿರಾಕಿ ಕಾಯಲಾರದೆ ಪಕ್ಕದೂರಿನ ಗಾಣಕ್ಕೆ ಹೋದ. ಗಾಣಿಗನಿಗೆ ಹೊಟ್ಟೆ ಉರಿಯಿತು. ಅಂದಿನಿಂದ ಅವನು ನೊಗ ಬಿಚ್ಚಲಿಲ್ಲ. ಗಾಣದ ಪಕ್ಕದಲ್ಲೇ ಹುಲ್ಲು, ಅಲ್ಲೇ ನೀರು.

ಸಂಜೆಯ ಗಿರಾಕಿ ಬರುವುದು ಅಪರೂಪ. ಆದರೆ ಬೀದಿಯಲ್ಲಿ ಪಾತ್ರೆಯ ಸದ್ದಾದರೆ ಸಾಕು, ಎತ್ತಿನ ಕಿವಿ ನಿಮಿರುತ್ತಿತ್ತು. ಯಾರೋ ನೀರಿಗೆ ಹೊರಟಿದ್ದರೂ ಅಷ್ಟೇ.

ಎತ್ತು ಸೊರಗಿತು. ಗಾಣಿಗ ಹಿಂಡಿ ಹೆಚ್ಚು ಹಾಕಿದ, ದೃಷ್ಟಿ ತೆಗೆದ. ಅದು ಇನ್ನೂ ಸೊರಗಿತು.

"ಇದಕ್ಕೇನು ಬಂತು ಧಾಡಿ? ಕತ್ತಲಾದ ಮೇಲೆ ಒಂದು ಸುತ್ತೂ ತಿರುಗಿಸಿಲ್ಲವಲ್ಲ!" ಎಂದು ಹೆಂಡತಿಯ ಮುಂದೆ ಕೂಗಾಡಿದ.

"ತಿರುಗಿಸಿಲ್ಲ, ಒಪ್ಪಿದೆ. ಅದು ಮೆಲುಕು ಹಾಕಿದ್ದು ಯಾವತ್ತು ನೋಡಿದಿರಿ?" ಎಂದಳು ಅವಳು. "ನೊಗ ಗಾಣಕ್ಕೆ ಬಿಗಿದಿದೆ, ಕಿವಿ ಬೀದಿಯಲ್ಲಿದೆ. ಮಲಗೋಕಾಗುತ್ತಾ? ನೀವು ಹಾಕಿದ ಹಿಂಡಿಯೆಲ್ಲ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿದೆ."

ಗಾಣಿಗ ನೊಗಕ್ಕೆ ಕೈ ಹಾಕುವಷ್ಟರಲ್ಲಿ ಎತ್ತು ಮೊಣಕಾಲೂರಿತು. ಮತ್ತೆ ಏಳಲಿಲ್ಲ. ಆಮೇಲೆ ಬಹಳ ಕಾಲ ಗಾಣವನ್ನು ಗಾಣಿಗನೇ ಎಳೆದ. ಹೊತ್ತು ಮುಳುಗುತ್ತಲೇ ನಿಲ್ಲಿಸುತ್ತಿದ್ದ.

ಕತೆ ಮುಗಿಯಿತು. ಸರ್ವಮಂಗಳಾ ಸೆರಗಿನ ಅಂಚು ತಿರುವುತ್ತ ಕೂತಳು. ಆದರೂ ವ್ಯಾಪಾರದ ಬುದ್ಧಿ, ಸುಲಭಕ್ಕೆ ಸೋಲುವುದಿಲ್ಲ.

"ಎತ್ತಿಗೆ ಕೈಯಿಲ್ಲ, ಗುರುಗಳೇ. ಇವರಿಗಿದೆಯಲ್ಲ? ಬೇಡವೆಂದವರು ಫೋನ್ ಆಫ್ ಮಾಡಿಕೊಳ್ಳಲಿ. ಅದಕ್ಕೆ ನಿಯಮ ಯಾಕೆ?"

ಗುರುಗಳು ಕೇಳಿದರು:

"ತಾನೇ ನೊಗ ಕಳಚಿಕೊಂಡ ಎತ್ತಿಗೆ ಮೊನ್ನೆ ನೀನಿಟ್ಟ ಹೆಸರೇನು, ತಾಯಿ?"