ಮಂಗಳ ಹಾಡದ ಯಜಮಾನಿ

ಒಂದಾನೊಂದು ಕಾಲ, ಒಂದಾನೊಂದು ಊರು. ಊರಿನ ಹೆಸರು ಹೇಳಿದರೆ ಅಲ್ಲಿಯವರಿಗೆ ಇವತ್ತಿಗೂ ಸಿಟ್ಟು ಬರುತ್ತದಂತೆ, ಅದಕ್ಕೆ ಹೇಳುವುದಿಲ್ಲ. ಆ ಸೀಮೆಯಲ್ಲಿ ಒಂದು ಬಯಲಾಟದ ಮೇಳ ಇತ್ತಂತೆ. ಅದರ ಯಜಮಾನಿ ನೀಲಗಂಗವ್ವ. ಗಂಡ ಸತ್ತ ಮೇಲೆ ಮೇಳ ಮುಚ್ಚಿಹೋಯಿತು ಅಂತ ಜನ ಅಂದುಕೊಂಡಿದ್ದರು. ಆಕೆ ಮುಚ್ಚಲಿಲ್ಲ. ಬಂಡಿ ಕಟ್ಟಿದಳು, ಊರೂರು ತಿರುಗಿದಳು, ಆಟ ಆಡಿಸಿದಳು. ಆಕೆಯ ಮೇಳ ಬರುತ್ತದೆ ಅಂದರೆ ಬಾಣಂತಿಯೂ ಕೂಸು ಎತ್ತಿಕೊಂಡು ಬಂದು ಕೂರುತ್ತಿದ್ದಳಂತೆ.

ನೀಲಗಂಗವ್ವನದೊಂದು ರೀತಿ ಇತ್ತು. ವೇಷದವರಿಗೆ ಕಿರೀಟವನ್ನು ಆಕೆಯೇ ಕಟ್ಟುವಳು. ಕಟ್ಟಿ, ಅವರ ಕಾಲು ಮುಟ್ಟಿ ನಮಸ್ಕಾರ ಮಾಡುವಳು. ಬೆಳಿಗ್ಗೆ ಅನ್ನ ಸೀಯಿಸಿ ತನ್ನಿಂದಲೇ ಬೈಸಿಕೊಂಡವನಾದರೂ ಸರಿ, ಕಿರೀಟ ಏರಿತು ಅಂದರೆ ಅವನು ದೊರೆ. ಕೊನೆಗೆ ಆಕೆಯೇ ಮಂಗಳ ಹಾಡಬೇಕು, ಆಕೆಯೇ ಕಿರೀಟ ಬಿಚ್ಚಬೇಕು. ಅಲ್ಲಿಯ ತನಕ ಆಟ ಮುಗಿದಿಲ್ಲ ಅಂತಲೇ ಲೆಕ್ಕ. ಮಂಗಳ ಆಗದೆ ಎದ್ದು ಹೋದರೆ ಮನೆಗೆ ಕೇಡು ಅಂತ ಜನರೂ ಕೂತಲ್ಲಿಂದ ಏಳುತ್ತಿರಲಿಲ್ಲ.

ಈ ಮೇಳದ ಕೀರ್ತಿ ಆ ಊರಿನ ದೊರೆಯ ಕಿವಿಗೆ ಬಿತ್ತು, ಕರೆಸಿದ. ಅರಮನೆ ಮುಂದಿನ ಬಯಲಲ್ಲಿ ಆಟಕ್ಕೆ ಅಟ್ಟ ಹಾಕಿದರು. ಅವತ್ತು ರಾತ್ರಿಯ ಆಟದಲ್ಲಿ ರಾಜನ ವೇಷ ಯಮನಪ್ಪನದು. ಹಗಲೆಲ್ಲ ಮೇಳದ ಎತ್ತು ಮೇಯಿಸುವವನು, ನಾಲ್ಕು ಮಂದಿಯ ಎದುರು ಬಾಯಿ ಬಿಡಲು ಹೆದರುವವನು. ಕಿರೀಟ ಇಟ್ಟರೆ ಮಾತ್ರ ಗುಡುಗುತ್ತಿದ್ದನಂತೆ. ಆಟದಲ್ಲಿ ಒಬ್ಬ ಬಡವಿಯ ಹೊಲವನ್ನು ರಾಜನ ಭಾವಮೈದುನ ಕಿತ್ತುಕೊಂಡಿರುತ್ತಾನೆ. ಯಮನಪ್ಪ ಸಿಂಹಾಸನದಿಂದ ಎದ್ದವನೇ, "ನನ್ನ ಮನೆಯವನೆಂದು ಇವನನ್ನು ಬಿಟ್ಟರೆ ನಾನು ರಾಜನಲ್ಲ, ಕಳ್ಳ" ಅಂದ. ಬಯಲಿಗೆ ಬಯಲೇ ಕಣ್ಣು ಒರೆಸಿಕೊಂಡಿತು. ಹಿಂದಿನಿಂದ ಯಾರೋ, "ದೊರಿ ಅಂದ್ರ ಹಿಂಗಿರಬೇಕ ನೋಡಪಾ" ಅಂದರಂತೆ.

ನಿಜವಾದ ದೊರೆ ಅದನ್ನು ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೈಯೆಲ್ಲ ಉರಿದು ಎದ್ದು ನಿಂತ.

"ಎತ್ತು ಕಾಯಾಂವ ನನಗ ಬುದ್ಧಿ ಹೇಳ್ತಾನ? ಆ ಕಿರೀಟ ಕಿತ್ತು ಅವನ ನಾಲಿಗಿ ಕೊಯ್ರಿ."

ಕೇಳಿದಿರಾ? ಬಡವರ ಕೊಟ್ಟಿಗೆಗೆ ನುಗ್ಗುವ ತನ್ನ ಆಳುಗಳನ್ನು ತಡೆಯಲಾರದವನು ಆಟದವನ ನಾಲಿಗೆಗೆ ಕತ್ತಿ ತರಿಸಿದ. ಥೂ, ಅವನ ದೊರೆತನಕ್ಕಿಷ್ಟು. ಸಾಲದ್ದಕ್ಕೆ ಯಜಮಾನಿಯ ಕಡೆ ತಿರುಗಿ ಬಣ್ಣದ ಮಾತು ಬೇರೆ.

"ಯಜಮಾನಿ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಅವನ್ನ ಬಿಟ್ಟುಕೊಡು, ನಿನ್ನ ಮೇಳಾನ ಅರಮನಿ ಮೇಳ ಮಾಡ್ತೀನಿ. ಊರೂರು ಅಲಿಯೂದು ತಪ್ಪತೈತಿ."

ಇಂಥ ಹೊತ್ತಿನಲ್ಲಿ ಎಷ್ಟು ಯಜಮಾನರು 'ಅವನ ಬಾಯಿ, ಅವನ ಪಾಡು' ಅಂತ ಜಾರಿಕೊಂಡಿಲ್ಲ ಹೇಳಿ? ಹಾರ ಬಂದಾಗ ಮುಂದೆ, ಕತ್ತಿ ಬಂದಾಗ ಹಿಂದೆ. ಅಂಥವರನ್ನು ನೆನೆದರೆ ನನಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ. ನೀಲಗಂಗವ್ವ ಅಟ್ಟ ಹತ್ತಿ ಯಮನಪ್ಪನಿಗೆ ಅಡ್ಡ ನಿಂತಳಂತೆ.

"ಧಣಿ, ಆ ಮಾತು ಕಲಿಸಿದಾಕಿ ನಾನು. ಕೊಯ್ಯೂದಿದ್ರ ನನ್ನ ನಾಲಿಗಿ ಕೊಯ್ರಿ. ಆದ್ರ ಮಂಗಳ ಯಾರು ಹಾಡ್ತಾರ, ಅದನ್ನ ಮೊದಲ ಹೇಳ್ರಿ."

"ಯಾಕ?"

"ನಾ ಹಾಡೂ ತನಕ ಇವರು ದೊರೀನ. ನನ್ನ ನಾಲಿಗಿ ಹೋತು ಅಂದ್ರ ಮಂಗಳಿಲ್ಲ. ಮಂಗಳಿಲ್ಲ ಅಂದ್ರ ಆಟ ಮುಗಿಯೂದಿಲ್ಲ. ಇವರು ಸಾಯೂ ತನಕ ನಿಮ್ಮೂರಿಗೆ ಇಬ್ಬರು ದೊರಿ."

"ಹಂಗಾದ್ರ ಈಗ ಹಾಡು."

"ಹಾಡೂದಿಲ್ರಿ" ಅಂದವಳೇ ಅಟ್ಟದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತುಬಿಟ್ಟಳು.

ದೊರೆ ಸಿಪಾಯಿಗಳತ್ತ ನೋಡಿದ. ಸಿಪಾಯಿಗಳು ನೆಲ ನೋಡಿದರು. ಅವರೂ ಮಕ್ಕಳೊಂದಿಗರಲ್ಲವೇ, ಮಂಗಳ ಆಗದ ಕಿರೀಟಕ್ಕೆ ಕೈ ಹಾಕುವವರು ಯಾರು? ಹೊತ್ತು ಹುಟ್ಟಿತು, ಹೊತ್ತು ಏರಿತು. ಹಟ್ಟಿಯಲ್ಲಿ ದನ ಅರಚಿದವು, ಯಾರ ಮನೆಯಲ್ಲೂ ಒಲೆ ಹೊತ್ತಲಿಲ್ಲ. ಅರಮನೆಯ ಅಡುಗೆಯವನೂ ಬಯಲಲ್ಲೇ ಕೂತಿದ್ದ. ದೊರೆಗೆ ಹಸಿವಾಯಿತು. "ಹಾಡು" ಅಂದ. "ಹಾಡೂದಿಲ್ರಿ" ಅಂದಳು. ಹಸಿವು ಇನ್ನೂ ಹೆಚ್ಚಾಯಿತು. "ಹಾಡು" ಅಂದ. "ಹಾಡೂದಿಲ್ರಿ" ಅಂದಳು.

ಆಗ ದ್ಯಾಮವ್ವ ಅನ್ನುವ ಮುದುಕಿ ಕೋಲೂರಿಕೊಂಡು ಎದ್ದಳಂತೆ. ನೇರ ಅಟ್ಟದ ಮುಂದೆ ಹೋಗಿ ಯಮನಪ್ಪನಿಗೆ ಕೈಮುಗಿದಳು.

"ಎಪ್ಪಾ ದೊರಿ, ನನ್ನ ಎಮ್ಮಿ ಅರಮನಿಯವರು ಹೊಡಕೊಂಡು ಹೋಗ್ಯಾರ. ನ್ಯಾಯ ಮಾಡು."

ಯಮನಪ್ಪ ದಿಕ್ಕು ತೋಚದೆ ನೀಲಗಂಗವ್ವನ ಮುಖ ನೋಡಿದ. ಇದು ಕಲಿಸಿದ ಮಾತಲ್ಲವಲ್ಲ.

"ನನ್ನೇನ ನೋಡ್ತೀರಿ, ದೊರಿ ನೀವು. ನ್ಯಾಯ ಹೇಳ್ರಿ" ಅಂದಳು ಆಕೆ.

ಯಮನಪ್ಪ ಗುಡುಗಲಿಲ್ಲ. ಮೆಲ್ಲಗೆ, "ಆಕಿ ಎಮ್ಮಿ ಆಕಿಗೆ ಕೊಡ್ರಿ" ಅಂದನಂತೆ.

ಕಿರೀಟ ಹೊತ್ತ ದೊರೆಯ ಅಪ್ಪಣೆಯಲ್ಲವೇ, ಎಮ್ಮೆ ಹೊಡೆದುಕೊಂಡು ಹೋಗಿದ್ದ ಸಿಪಾಯಿಯೇ ಎದ್ದ. ಅರಮನೆಯ ಕೊಟ್ಟಿಗೆಗೆ ಹೋಗಿ ಎಮ್ಮೆ ಬಿಚ್ಚಿ ತಂದು ಹಗ್ಗವನ್ನು ಮುದುಕಿಯ ಕೈಗೆ ಕೊಟ್ಟ. ಅಷ್ಟೇ ನೋಡಿ, ಆಕೆಯ ಹಿಂದೆ ಸಾಲು ನಿಂತಿತು. ಹೊಲ ಹೋದವರು, ಗದ್ದೆ ಹೋದವರು, ಮಗನನ್ನು ಬಿಟ್ಟಿ ದುಡಿಮೆಗೆ ಕಳೆದುಕೊಂಡವರು. ಎಷ್ಟು ವರ್ಷದಿಂದ ನುಂಗಿಕೊಂಡಿದ್ದರೋ ಪಾಪ.

ದೊರೆ ಬೆವೆತ. ಆ ಸಾಲು ಯಾರ ಎದುರು ನಿಂತಿದೆ ಅನ್ನುವುದು ಅವನಿಗೂ ಕಂಡಿತು.

"ಸಾಕು ಮಾಡು. ಅವನ ಕೂದಲೂ ಮುಟ್ಟೂದಿಲ್ಲ" ಅಂದ.

"ನನಗಲ್ರಿ, ಅವರಿಗೆ ಹೇಳ್ರಿ."

ಎತ್ತು ಕಾಯುವವನಿಗೆ ದೊರೆ ಕೈಮುಗಿದು ಮಾತು ಕೊಟ್ಟ, ಊರೆಲ್ಲ ಸಾಕ್ಷಿ. ಆದರೂ ನೀಲಗಂಗವ್ವ ಮಂಗಳ ಹಾಡಲಿಲ್ಲ. ಸಾಲು ಕರಗುವ ತನಕ ಕಾದಳು. ಕಡೆಯವನ ಹೊಲ ಕಡೆಯವನಿಗೆ ಸೇರಿದ ಮೇಲೆ ಎದ್ದು ಮಂಗಳ ಹಾಡಿದಳು, ಯಮನಪ್ಪನ ಕಿರೀಟ ಬಿಚ್ಚಿದಳು. ಆಗ ಅವನು ಆಕೆಯ ಹೆಗಲಿಗೆ ತಲೆ ಇಟ್ಟು ಅತ್ತನಂತೆ.

ಬಂಡಿ ಹೊರಟಾಗ ಆ ದೊರೆ, ನಾಚಿಕೆ ಇಲ್ಲದವನು, ಮತ್ತೆ ಬಂದು ಅಡ್ಡ ನಿಂತ. "ಅರಮನಿಯಾಗ ಇದ್ದುಬಿಡು ಯಜಮಾನಿ. ನನಗೂ ನಾಕು ಮಾತು ಕಲಿಸು."

ನೀಲಗಂಗವ್ವ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ನಮ್ಮ ಯಮನಪ್ಪಗ ಕಿರೀಟ ಹೊರೂದು ಕಲಿಸಾಕ ನನಗ ಮೂರು ವರ್ಷ ಹಿಡೀತ್ರಿ ಧಣಿ. ನಿಮಗ ಕಲಿಸೂವಷ್ಟು ಆಯುಷ್ಯ ನನಗಿಲ್ಲ."

ಬಂಡಿ ಅತ್ತ ಹೋಯಿತು, ಕಥೆ ಇತ್ತ ಬಂತು. ಹೇಳಿದ ನನ್ನ ಬಾಯಿ, ಕೇಳಿದ ನಿಮ್ಮ ಕಿವಿ ತಣ್ಣಗಿರಲಿ. ಆ ದೊರೆ ತಣ್ಣಗಿದ್ದನೇ ಅಂತ ಮಾತ್ರ ನನ್ನನ್ನು ಕೇಳಬೇಡಿ.